ಬಿಂದುರಾಯರ ಹಾರ್ಮೋನು ಬಿಡುಗಡೆ

ನಮ್ಮ ಬ್ಯಾಂಕಿನ ಹೆಡ್ ಕ್ಲಾರ್ಕ್ ಬಿಂದುಮಾಧವರಾಯರು ಕೆಟ್ಟ ಮನುಷ್ಯರಲ್ಲ. ಅವರ ತಲೆಯೊಳಗೆ ಒಂದು ವಿಷಯ ಹೊಕ್ಕರೆ ಅದು ಬಾಯಿಂದಲೇ ಹೊರಗೆ ಬರಬೇಕು, ಬೇರೆ ದಾರಿಯೇ ಇಲ್ಲ. ಇಷ್ಟೇ ಅವರ ದೋಷ. ನಾನು ರೇವಪ್ಪ, ಅದೇ ಬ್ಯಾಂಕಿನ ಕ್ಯಾಶಿಯರ್. ನಾಸಿಕದ ಪಂಚವಟಿಯಲ್ಲಿ ಅವರ ಮನೆಯ ಮೇಲಿನ ಖೋಲಿಯಲ್ಲಿ ಬಾಡಿಗೆಗಿದ್ದೆ. ಹೀಗಾಗಿ ಆಫೀಸಿನಲ್ಲೂ ನನ್ನ ಕಿವಿ, ಮನೆಯಲ್ಲೂ ನನ್ನ ಕಿವಿ. ಅವರು ಬಿಜಾಪುರದವರು, ನಾನು ಕಲಬುರ್ಗಿ ಕಡೆಯವ. ಪರವೂರಲ್ಲಿ ಕನ್ನಡ ತಿಳಿಯುವ ಕಿವಿ ಸಿಕ್ಕರೆ ಯಾರಾದರೂ ಬಿಡುತ್ತಾರೆಯೇ?

ತೊಂಬತ್ತೊಂದನೇ ಇಸವಿಯ ಮಾತು. ರಾಯರಿಗೆ ಒಬ್ಬಳೇ ಮಗಳು, ಸುಮನ. ಇಪ್ಪತ್ತಮೂರು ವರ್ಷ, ಬಿ.ಎಸ್ಸಿ. ಪಾಸು, ನೋಡಲಿಕ್ಕೆ ಲಕ್ಷಣ, ಬುದ್ಧಿ ತಾಯಿಯದು, ದೇವರ ದಯೆ. ಎತ್ತರ ಮಾತ್ರ ನಾಲ್ಕು ಫೂಟು ಹತ್ತು ಇಂಚು. ಮೂರು ಕಡೆಯಿಂದ ವರನ ಮನೆಯವರು ಬಂದು, ಅವಲಕ್ಕಿ ತಿಂದು, ಚಹಾ ಕುಡಿದು, ಹುಡುಗಿ ಎದ್ದು ನಿಂತ ಕೂಡಲೇ ಒಬ್ಬರ ಮುಖ ಒಬ್ಬರು ನೋಡಿ, "ಕಾಗದ ಬರೀತೀವ್ರಿ" ಅಂತ ಹೇಳಿ ಹೋದರು. ಆ ಕಾಗದಗಳು ಇನ್ನೂ ಬರಬೇಕು.

ಹೀಗಿರುವಾಗ ರಾಯರು ಹಲ್ಲು ನೋವೆಂದು ಡಾಕ್ಟರರ ಕಡೆ ಹೋದರು. ಪಾಳಿ ಬರುವ ತನಕ ಅಲ್ಲಿ ಬಿದ್ದಿದ್ದ ಒಂದು ಇಂಗ್ಲಿಷ್ ಪತ್ರಿಕೆ ಓದಿದರು. ಪ್ರಯೋಗಶಾಲೆಯಲ್ಲಿ ತಯಾರಿಸಿದ 'ಪೆಪ್ಟೈಡ್' ಎಂಬ ಪದಾರ್ಥವನ್ನು ಮೈಗೆ ಚುಚ್ಚಿದರೆ, ತಲೆಯೊಳಗಿನ ಒಂದು ಸಣ್ಣ ಗ್ರಂಥಿ ತಾನು ಕೂಡಿಟ್ಟ ಬೆಳವಣಿಗೆಯ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ ಅಂತ ಅದರಲ್ಲಿತ್ತು. ರಾಯರ ಹಲ್ಲು ನೋವು ಅಲ್ಲೇ ನಿಂತುಹೋಯಿತು. ಹಲ್ಲು ತೋರಿಸದೆ, ಪತ್ರಿಕೆಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಓಡಿ ಬಂದರು.

ಸುಮನ ಅದನ್ನು ಓದಿ ತಣ್ಣಗೆ ಹೇಳಿದಳು: "ಅಪ್ಪಾ, ಇದು ಇನ್ನೂ ಟೆಸ್ಟಿಂಗ್‌ನಾಗ ಅದ. ಮತ್ತ ನನ್ನ ವಯಸ್ಸಿಗೆ ಎಲುಬಿನ ತುದಿ ಎಲ್ಲಾ ಕೂಡಿಬಿಟ್ಟಿರತಾವ. ಎಷ್ಟ ಹಾರ್ಮೋನ್ ಬಿಟ್ರೂ ಉಂಚಿ ವಾಢಣಾರ ನಾಹಿ."

ಎತ್ತರ ಇನ್ನು ಬೆಳೆಯುವುದಿಲ್ಲ ಅನ್ನುವ ಮಾತನ್ನು ಅವಳು ಮರಾಠಿಯಲ್ಲಿ ಹೇಳಿದಳು, ನಾಸಿಕದಲ್ಲೇ ಬೆಳೆದ ಹುಡುಗಿ. ರಾಯರಿಗೆ ಎರಡೂ ಭಾಷೆಯಲ್ಲಿ ಕೆಟ್ಟದೆನಿಸಿತು. ಓಣಿಯ ಡಾಕ್ಟರರನ್ನೂ ಕೇಳಿದರು, ಅವರೂ ಅದನ್ನೇ ಹೇಳಿದರು. ಎರಡು ದಿನ ರಾಯರು ಊಟ ಬಿಟ್ಟರು. ಮೂರನೇ ದಿನ ಊಟವನ್ನೂ ಸುರು ಮಾಡಿದರು, ಭಾಷಣವನ್ನೂ ಸುರು ಮಾಡಿದರು. ಮಗಳಿಗೆ ಉಪಯೋಗವಾಗದ ಜ್ಞಾನ ಪಂಚವಟಿಗಾದರೂ ಆಗಲಿ ಅಂತ ಹಾಲಿನವನಿಗೆ, ಕ್ಷೌರದವನಿಗೆ, ರಾಮಕುಂಡದ ಪುರೋಹಿತರಿಗೆ, ಕಡೆಗೆ ರಿಕ್ಷಾದವನಿಗೂ ಪೆಪ್ಟೈಡ್ ಹೇಳಿದರು. ರಿಕ್ಷಾದವ ಗಂಗಾಘಾಟಿಗೆ ಹೋಗುವ ಬದಲು ಅವರನ್ನು ಸರಕಾರಿ ದವಾಖಾನೆಯ ಮುಂದೆ ಇಳಿಸಿ ಹೋದ.

ಅಷ್ಟರಲ್ಲಿ ನಾಲ್ಕನೇ ಸಂಬಂಧ ಬಂತು, ಔರಂಗಾಬಾದಿನಿಂದ. ಈಗ ಛತ್ರಪತಿ ಸಂಭಾಜಿನಗರ ಅನ್ನುತ್ತೇವಲ್ಲ, ಅದೇ ಊರು. ವರನ ತಂದೆ ಗೋವಿಂದರಾಯರು ಕೇಂದ್ರ ಸರಕಾರದ ನೌಕರರು, ಧಾರವಾಡದಿಂದ ವರ್ಗವಾಗಿ ಹೋದವರು, ಅಲ್ಲಿಯ ಕನ್ನಡ ಬಳಗದ ಕಾರ್ಯದರ್ಶಿ. ಮಗ ಮಧುಕರ ಕಾಲೇಜಿನಲ್ಲಿ ಲೆಕ್ಚರರ್. ಮನೆತನ ಚಲೋ, ಹುಡುಗ ಚಲೋ. ಇದೂ ತಪ್ಪಿದರೆ ಮುಂದೆ ಯಾರ ಬಾಗಿಲಿಗೆ ಹೋಗುವುದು ಅಂತ ಅಂಬುಜಾಬಾಯಿಯವರು, ಅಂದರೆ ರಾಯರ ಹೆಂಡತಿ, ನನ್ನ ಮುಂದೆ ಕಣ್ಣೀರು ಹಾಕಿದ್ದರು.

ರಾಯರು ಕಾಗದ ಬರೆಯಲು ಕೂತರು. ಹುಡುಗಿ ಕುರ್ಚಿಯ ಮೇಲೆ ಕೂತಿರುವ ಫೋಟೋ ಒಳಗಿಟ್ಟರು. ಎತ್ತರದ ಜಾಗದಲ್ಲಿ 'ಮಧ್ಯಮ' ಅಂತ ಬರೆದರು.

"ನಾಲ್ಕು ಹತ್ತು ಮಧ್ಯಮ ಹೆಂಗಾಗತದ್ರಿ?" ಅಂದರು ಅಂಬುಜಾಬಾಯಿ.

"ಯಾವುದರ ಮಧ್ಯ ಅಂತ ನಾ ಬರದಿಲ್ಲಲ್ಲ!"

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ. ಬೀಗರಾಗುವವರ ಮುಂದೆ ಸ್ವಲ್ಪ ತೂಕ ಬರಲಿ ಅಂತ ಕೊನೆಯಲ್ಲಿ ಎರಡು ಸಾಲು ಹೆಚ್ಚಿಗೆ ಬರೆದರು: 'ಹಾರ್ಮೋನ್ ವಿಷಯದಲ್ಲಿ ನನ್ನ ಅಭ್ಯಾಸ ನಡೆದಿದೆ. ಪೆಪ್ಟೈಡ್ ಮುಟ್ಟಿದ ಕೂಡಲೇ ಹಾರ್ಮೋನ್ ಹೇಗೆ ಹೊರಡುತ್ತದೆ ಎಂಬುದನ್ನು ನಾಲ್ಕು ಜನರ ಮುಂದೆ ಇಡುವ ಆಸೆಯಿದೆ.'

ಈಗ ಎರಡು ಸಂಗತಿ ಹೇಳಬೇಕು. ಒಂದು, ರಾಯರ ಅಕ್ಷರ ಇಪ್ಪತ್ತೆಂಟು ವರ್ಷ ಬ್ಯಾಂಕಿನಲ್ಲಿ ಸಹಿ ಹಾಕಿ ಹಾಕಿ ಸಹಿಯ ಹಾಗೇ ಆಗಿಬಿಟ್ಟಿತ್ತು. ಇನ್ನೊಂದು, ಗೋವಿಂದರಾಯರಿಗೆ ಹಾರ್ಮೋನಿಯಂ ಹುಚ್ಚು. ನಮ್ಮ ಕಡೆಯವರು, ಮರಾಠಿಯವರು, ಎಲ್ಲರೂ ಹಾರ್ಮೋನಿಯಮ್ಮಿಗೆ 'ಪೇಟಿ' ಅನ್ನುತ್ತೇವೆ. ಆ ಪುಣ್ಯಾತ್ಮರು ಚಷ್ಮಾ ಹಾಕಿಕೊಂಡು ಓದಿದ್ದು ಹೀಗೆ: 'ಹಾರ್ಮೋನಿಯಂ ವಿಷಯದಲ್ಲಿ ನನ್ನ ಅಭ್ಯಾಸ ನಡೆದಿದೆ. ಪೇಟಿ ಮುಟ್ಟಿದ ಕೂಡಲೇ ಹಾರ್ಮೋನಿ ಹೇಗೆ ಹೊರಡುತ್ತದೆ...' ಓದಿ ಕುರ್ಚಿಯಿಂದ ಎದ್ದು ನಿಂತರಂತೆ. ಮುಹೂರ್ತ ನೋಡಲಿಲ್ಲ, ಜಾತಕ ನೋಡಲಿಲ್ಲ, ಸೀದಾ ನಮ್ಮ ಬ್ಯಾಂಕಿಗೆ ಫೋನು ಹಚ್ಚಿದರು.

ಫೋನಿನಲ್ಲಿ ಶೇಂಗಾ ಹುರಿದ ಹಾಗೆ ಸಪ್ಪಳ. ಪಕ್ಕದಲ್ಲೇ ನಾನಿದ್ದೆ. ಅತ್ತಲಿನ ಮಾತನ್ನು ಆಮೇಲೆ ಗೋವಿಂದರಾಯರ ಬಾಯಿಂದಲೇ ಕೇಳಿ ಜೋಡಿಸಿದ್ದೇನೆ.

"ರಾಯರ, ನಿಮ್ಮ ಅಭ್ಯಾಸದ ಸುದ್ದಿ ಓದಿ ಭಾಳ ಸಂತೋಷ ಆತ್ರಿ! ಎಷ್ಟು ವರ್ಷದ್ದು?"

"ವರ್ಷ ಎಲ್ಲೀದ್ರಿ, ಮೂರು ತಿಂಗಳಾತು."

"ಮೂರೇ ತಿಂಗಳದಾಗ ಸ್ಟೇಜಿಗೆ ಬರೋ ತಯಾರಿ? ಶಾಭಾಸ್! ಬರೋ ಐತವಾರ ನಮ್ಮ ಬಳಗದಾಗ ಕಾರ್ಯಕ್ರಮ ಇಟ್ಟಬಿಡೋಣ. ಹುಡುಗೀನೂ ಕರಕೊಂಡು ಬರ್ರಿ, ಎರಡೂ ಕೆಲಸ ಆಗತಾವ."

"ನಾ ಬರೇ ಪೆಪ್ಟೈಡ್ ಹೇಳಾಂವ್ರಿ. ಬ್ಯಾರೆ ಏನೂ ಇಲ್ಲ."

"ಬರೇ ಪೇಟಿ? ಸೋಲೋ! ವಾಹ್! ತಬಲಾ ಬೇಕಲ್ರಿ?"

"ಟೇಬಲ್ ಬೇಕೇ ಬೇಕ್ರಿ. ಗಟ್ಟಿದ್ದಿರಲಿ, ನಡುವ ಅಳ್ಳಾಡಬಾರದು."

"ಛೇ ಛೇ, ಖುಲ್ತಾಬಾದಿನ ಲಾಲಸಾಬರನ್ನ ಕರಸತೀನಿ, ಅಳ್ಳಾಡೋ ಮಾತs ಇಲ್ಲ! ಮತ್ತ ಡಗ್ಗಾ?"

ತಬಲಾ ಜೋಡಿಯ ಎಡಗೈಯದು ಡಗ್ಗಾ. ರಾಯರಿಗೆ ಕೇಳಿಸಿದ್ದು ದಗಾ, ಅಂದರೆ ಮೋಸ. ಅವರ ಮುಖ ಕೆಂಪಾಯಿತು. "ದಗಾ ಗಿಗಾ ನಮ್ಮ ಮನೆತನದಾಗ ಇಲ್ರಿ! ಹುಡುಗಿ ವಿಷಯದಾಗೂ ಎಲ್ಲಾ ಖರೇನs ಬರದೀನಿ" ಅಂದರು. ಅಂದವರು ನನ್ನ ಕಣ್ಣು ತಪ್ಪಿಸಿ ಫೋನನ್ನು ಇನ್ನೊಂದು ಕಿವಿಗೆ ಹಿಡಿದರು.

"ಆತು, ನಿಮ್ಮ ಇಚ್ಛಾ. ಸ್ವರ ಯಾವುದ್ರಿ? ಕರಿ ಒಂದೋ, ಬಿಳಿ ಎರಡೋ?"

ಪೇಟಿಯಲ್ಲಿ ಕರಿ ಮನೆ ಬಿಳಿ ಮನೆ ಅಂತ ಇರುತ್ತವೆ, ಹಾಡುವವರು ಬಾರಿಸುವವರು ಅದನ್ನು ಹಿಡಿದು ಶ್ರುತಿ ಹೇಳುತ್ತಾರೆ. ರಾಯರಿಗೆ ಕಣ್ಣಮುಂದೆ ಬಂದದ್ದು ಶಾಲೆಯ ಬೋರ್ಡು, ಸುಣ್ಣದ ಕಡ್ಡಿ. "ಎರಡೂ ಬೇಕಲ್ರಿ! ಕರೀದು ಒಂದು, ಬಿಳೀವು ಎರಡು. ನಡುವ ಮುರೀತಾವ ನೋಡ್ರಿ. ಮತ್ತ ಒರಸಾಕ ಒಂದು ಅರಿವಿ."

ಗೋವಿಂದರಾಯರು ಅವತ್ತು ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಅಂದರಂತೆ: "ದೊಡ್ಡ ಕಲಾವಿದ. ಬಾರಿಸಿದರ ಮನಿ ಮುರೀತಾವಂತ!"

ಐತವಾರ ಬೆಳಗಿನ ಎಸ್.ಟಿ. ಬಸ್ಸು ಹಿಡಿದೆವು. ರಾಯರು, ಅಂಬುಜಾಬಾಯಿ, ಸುಮನ, ನಾನು. ನಾನು ಯಾಕೆ? ರಾಯರು ತಲೆಯೊಳಗಿನ ಗ್ರಂಥಿಯ ಚಿತ್ರವನ್ನು ಬಾಗಿಲಿನಷ್ಟು ದೊಡ್ಡ ಕಾಗದದ ಮೇಲೆ ಬರೆಸಿದ್ದರು. ಅದನ್ನು ಮಡಚಬಾರದು, ಸುತ್ತಬಾರದು, ಯಾರ ಮೇಲೂ ಆನಿಸಬಾರದು. ವೈಜಾಪುರದ ತನಕ ಐದು ಮಂದಿ ಅದಕ್ಕೆ ತಲೆ ಹೊಡೆದುಕೊಂಡು ನನ್ನನ್ನು ಬೈದರು. ಕಂಡಕ್ಟರ್ ಅದಕ್ಕೂ ಅರ್ಧ ಟಿಕೀಟು ಹರಿದ. ನನಗೆ ಸಿಟ್ಟು ನೆತ್ತಿಗೇರಿತ್ತು, ಆದರೆ ಮೇಲಧಿಕಾರಿ ಮೇಲಧಿಕಾರಿಯೇ.

ಸುಮನಳಿಗೆ ಮೂರು ಇಂಚಿನ ಹಿಮ್ಮಡಿಯ ಚಪ್ಪಲಿ ಹಾಕಿಸಿದ್ದರು. ದಾರಿಯುದ್ದಕ್ಕೂ ರಾಯರದು ಒಂದೇ ಮಂತ್ರ: "ಅಲ್ಲಿ ಕೂತಮ್ಯಾಲೆ ಏಳಬ್ಯಾಡವ್ವ. ಯಾರು ಬಂದ್ರೂ ಕೂತs ನಮಸ್ಕಾರ ಮಾಡು. ಕಾಲು ಹಿಡದಾವ ಅಂತ ಹೇಳು."

"ಅಪ್ಪಾ, ಲಗ್ನ ಆದಮ್ಯಾಲೂ ಕೂತs ಇರಬೇಕೇನು?" ಅಂದಳು ಸುಮನ.

ಸಭಾಂಗಣದಲ್ಲಿ ನೂರು ಮಂದಿ ಸೇರಿದ್ದರು. ಬ್ಯಾಂಕಿನವರು, ಸರಕಾರಿ ನೌಕರರು, ಬೀದರ-ಕಲಬುರ್ಗಿ ಕಡೆಯ ವ್ಯಾಪಾರಸ್ಥರು. ವೇದಿಕೆಯ ಹಿಂದೆ ದೊಡ್ಡ ಬಟ್ಟೆ: 'ನಾಸಿಕದ ಶ್ರೀ ಬಿಂದುಮಾಧವರಾಯರಿಂದ ಹಾರ್ಮೋನಿಯಂ ವಾದನ.' ನಾನು ರಾಯರ ತೋಳು ಹಿಡಿದು ನಿಲ್ಲಿಸಿದೆ. ಬೆರಳು ಮಾಡಿ ತೋರಿಸಿದೆ. ರಾಯರು ಓದಿ, ಪಾಪ ಅನ್ನುವ ಹಾಗೆ ನಕ್ಕರು.

"ಪೇಂಟರ್ ಮರಾಠಿ ಅಂವ ಇರಬೇಕು ರೇವಪ್ಪ. 'ಹಾರ್ಮೋನ್ ವಾದ' ಅಂತ ಬರೀಬೇಕಾಗಿತ್ತು. ಇರಲಿ, ಪರಭಾಷೆ, ಅಷ್ಟರ ಬರದಾನಲ್ಲ."

"ಆ ಪೇಟಿ ಯಾಕಿಟ್ಟಾರ್ರಿ?"

"ಪ್ರಾರ್ಥನಾಕ್ಕ. ಕನ್ನಡದವರು ಪ್ರಾರ್ಥನಾ ಇಲ್ದ ಏನಾರ ಮಾಡತಾರೇನು? ಟೇಬಲ್ ಎಲ್ಲಿ ಹೋತು ಅದನ್ನ ನೋಡು."

ಟೇಬಲ್ ಇರಲಿಲ್ಲ. ಬದಲಿಗೆ ಬಿಳಿ ಗಡ್ಡದ ಲಾಲಸಾಬರು ತಬಲಾದ ಅಂಚಿಗೆ ಸುತ್ತಿಗೆಯಿಂದ ಟಕ್ ಟಕ್ ಬಡಿದು ಶ್ರುತಿ ಮಾಡುತ್ತಿದ್ದರು. ರಾಯರು ನನ್ನ ಕೈಯಿಂದ ಚಿತ್ರ ಇಸಿದುಕೊಂಡು ಆ ಬಟ್ಟೆಯ ಮೇಲೆಯೇ ಪಿನ್ನು ಚುಚ್ಚಿ ಹಚ್ಚಿದರು. ಮುಂದಿನ ಸಾಲಿನಲ್ಲಿ ಬಳಗದ ಅಧ್ಯಕ್ಷರು, ಬೀದರದ ಬೇಳೆ ವ್ಯಾಪಾರಿ ವಿಶ್ವನಾಥಪ್ಪನವರು. ಅವರ ಪಕ್ಕ ಗೋವಿಂದರಾಯರು, ಪಕ್ಕದಲ್ಲಿ ಅವರ ಹೆಂಡತಿ ಸರೋಜಿನಿಬಾಯಿ, ಅವರಾಚೆ ಮಗ ಮಧುಕರ. ತಂದೆಯ ಮುಖದಲ್ಲಿ ಹಬ್ಬ. ತಾಯಿ-ಮಗನ ಮುಖ ಮಾತ್ರ ಇಂಜೆಕ್ಷನ್ನಿಗೆ ಪಾಳಿ ಹಚ್ಚಿ ಕೂತವರ ಹಾಗಿತ್ತು. ಹುಡುಗಿಯ ಎತ್ತರದ ಸುದ್ದಿ ಆಗಲೇ ಇವರಿಗೆ ಮುಟ್ಟಿರಬೇಕು ಅಂದುಕೊಂಡೆ. ಅಂಬುಜಾಬಾಯಿಯವರೂ ಹಾಗೇ ಅಂದುಕೊಂಡು ಮನೆದೇವರಿಗೆ ಹರಕೆ ಹೊತ್ತರು.

ರಾಯರು ಮೈಕು ಹಿಡಿದರು.

"ಬಂಧುಗಳೇ, ನಮ್ಮ ಮಿದುಳಿನ ಬುಡಕ ವಟಾಣಿ ಕಾಳಿನಷ್ಟು ಒಂದು ಗ್ರಂಥಿ ಅದ. ಪಿಟ್ಯುಟರಿ."

"ಪಿಟ್ಯುಟರಿ?" ವಿಶ್ವನಾಥಪ್ಪನವರು ಗೋವಿಂದರಾಯರ ಕಡೆ ಬಾಗಿದರು. "ಈ ರಾಗ ಎಂದೂ ಕೇಳಿಲ್ಲಲ್ರಿ."

"ಮಿಶ್ರ ರಾಗ ಇರಬೇಕ್ರಿ. ಸುಮ್ನ ಕೇಳ್ರಿ."

"ಈ ಗ್ರಂಥಿ ನಮ್ಮ ಮನಿ ಅವ್ವ ಅಂತ ತಿಳೀರಿ. ಆಕಿ ಕಡೆ ಡಬ್ಬಿ ತುಂಬ ಉಂಡಿ ಅವ. ಅವೇ ಬೆಳವಣಿಗಿ ಹಾರ್ಮೋನು. ಆದರ ಸುಮ್ಮ ಸುಮ್ಮನ ಕೊಡಂಗಿಲ್ಲ. ಮ್ಯಾಲೆ ಮಿದುಳಿನಾಗ ಅಜ್ಜಿ ಕೂತಾಳ, ಆಕಿ 'ಕೊಡವಾ' ಅಂದ್ರನs ಕೊಡತಾಳ."

ರಾಯರು ಇಲ್ಲಿ ಉಸಿರು ತಗೊಂಡರು. ಲಾಲಸಾಬರು ಅನುಭವಿಗಳು, ಕಲಾವಿದ ನಿಂತಲ್ಲಿ ತಾವು ತುಂಬಬೇಕು ಅನ್ನುವುದು ಗೊತ್ತು. 'ಧಾ ತಿರಕಿಟ ಧಾ' ಅಂತ ಒಂದು ತುಣುಕು ಬಾರಿಸಿಬಿಟ್ಟರು. ಸಭೆ ವಾಹ್ ಅಂದಿತು. ಪೆಪ್ಟೈಡಿಗೆ ಜೀವಮಾನದಲ್ಲಿ ಮೊದಲ ಸಲ ವಾಹ್ ಸಿಕ್ಕಿದ್ದಕ್ಕೆ ರಾಯರು ಉಬ್ಬಿ ಹೋದರು.

"ಈಗ ಪ್ರಯೋಗಶಾಲೆಯಾಗ ಮಾಡಿದ ಪೆಪ್ಟೈಡ್ ಬರತದ. ಆರೇ ಆರು ಮಣಿ ಪೋಣಿಸಿದ ಸಣ್ಣ ಸರ. ಅಜ್ಜಿ ಬರೋ ಮುಂಚಿ ಬಾಗಿಲಿಗೆ ಹೋಗಂಗಿಲ್ಲ ಅದು. ಹಿತ್ತಲ ಬಾಗಿಲಿಗೆ ಹೋಗಿ ತಾನೂ 'ಕೊಡವಾ' ಅಂತದ. ಅವ್ವ ಡಬ್ಬಿ ತಗದು ಕೊಟ್ಟಬಿಡತಾಳ. ಲಕ್ಷ್ಯ ಇಡ್ರಿ! ಪೆಪ್ಟೈಡ್ ಉಂಡಿ ಅಲ್ಲ. ಉಂಡಿ ನಮ್ಮ ಮನೀವs, ಅದು ಬರೇ ಕೇಳಾಕ ಬಂದಾಂವ!"

'ಧಾ ಧಿಂ ಧಿಂ ಧಾ' ಅಂದರು ಲಾಲಸಾಬರು.

"ಉಂಡಿ ಯಾವುವು? ಶೇಂಗಾದ್ದೋ ರವಾದ್ದೋ?" ಹಿಂದಿನಿಂದ ಯಾರೋ ಕೇಳಿದರು. ಅಡುಗೆಯ ವಾಸನೆ ಆಗಲೇ ಸಭಾಂಗಣಕ್ಕೆ ಬಂದಿತ್ತು.

ಮುಕ್ಕಾಲು ತಾಸು ಹೋಯಿತು. ಹಾರ್ಮೋನು ರಕ್ತದೊಳಗಿಂದ ಯಕೃತ್ತಿಗೆ ಹೋಯಿತು, ಯಕೃತ್ತಿನಿಂದ ಸಂದೇಶ ಎಲುಬಿಗೆ ಹೋಯಿತು, ಪೇಟಿ ಮಾತ್ರ ಇದ್ದಲ್ಲೇ ಇತ್ತು. ವಿಶ್ವನಾಥಪ್ಪನವರು ಎದ್ದು ಕೈ ಮುಗಿದರು. "ರಾಯರ, ಪೀಠಿಕಾ ಭಾಳ ಚಂದ ಆತ್ರಿ. ಇನ್ನ ಪೇಟಿ ಸುರು ಮಾಡ್ರಿ."

"ಪೇಟಿ? ಯಾರು ಬಾರಸತಾರ್ರಿ?"

"ನೀವs!"

"ನಾನಾ? ನನಗೆಲ್ಲಿ ಪೇಟಿ ಬರತದ್ರಿ? ಜನ್ಮದಾಗ ಮುಟ್ಟಿಲ್ಲ!"

ಸಭೆ ಮೀನು ಮಾರ್ಕೆಟ್ಟಾಯಿತು. ಗೋವಿಂದರಾಯರು ಜೇಬಿನಿಂದ ಕಾಗದ ತೆಗೆದು, ವೇದಿಕೆ ಹತ್ತಿ, ಅಲ್ಲೇ ಓದತೊಡಗಿದರು. 'ಹಾರ್ಮೋ...' ಅಂತ ಓದಿ ನಿಂತರು. ಚಷ್ಮಾ ಒರೆಸಿಕೊಂಡು ಮತ್ತೆ ಓದಿದರು. 'ನ್' ಇತ್ತು, 'ನಿಯಂ' ಇರಲಿಲ್ಲ.

ತಪ್ಪು ತಮ್ಮದೇ ಅಂತ ತಿಳಿದಾಗ ಮನುಷ್ಯನಿಗೆ ಸಿಟ್ಟು ಹೆಚ್ಚು. "ಅಕ್ಷರ ಅಂದ್ರ ಇವೇನ್ರಿ? ನೂರು ಮಂದಿ ಮುಂದ ನನ್ನ ಮಾನ ಕಳದ್ರಿ! ಕಾಗದದಾಗ ಬರದದ್ದು ಒಂದು, ಕಾಣೂದು ಇನ್ನೊಂದು! ಇದರಾಗ ಇನ್ನ ಏನೇನು ಹಿಂಗs ಬರದೀರಿ, ಹೇಳಿಬಿಡ್ರಿ!"

ಅವರು ಕೇಳಿದ್ದು ಸಿಟ್ಟಿನಲ್ಲಿ, ಉತ್ತರ ಬೇಕೆಂದಲ್ಲ. ಆದರೆ ಬಿಂದುಮಾಧವರಾಯರಿಗೆ ಪ್ರಶ್ನೆ ಕೇಳಿದರೆ ಉತ್ತರ ಬರುತ್ತದೆ. ಮೈಕು ಇನ್ನೂ ಕೈಯಲ್ಲಿತ್ತು.

"ಒಂದು ಬರದೀನ್ರಿ" ಅಂದರು. ದನಿ ಸಣ್ಣದಾಗಿತ್ತು. "ಮಧ್ಯಮ ಎತ್ತರ ಅಂತ ಬರದೀನಿ. ಸುಳ್ಳು. ನನ್ನ ಮಗಳು ನಾಲ್ಕು ಫೂಟು ಹತ್ತು ಇಂಚು. ಈ ಪೆಪ್ಟೈಡ್ ಓದಿದ್ದು ಆಕಿ ಸಲುವಾಗಿ. ಓದಿ ಓದಿ ಕಡೀಕ ತಿಳದದ್ದು ಏನಂದ್ರ, ಎಲುಬು ಕೂಡಿದ ಮ್ಯಾಲೆ ಅರ್ಧ ಇಂಚೂ ಬೆಳಿಯಂಗಿಲ್ಲ. ಆಕಿಗೆ ಏನೂ ಕಡಿಮಿ ಇಲ್ರಿ. ಹೆದರಿಕಿ ನನಗಿತ್ತು. ಅದಕ್ಕs ಬರದೆ, ತಪ್ಪಾತು."

ಅಂಬುಜಾಬಾಯಿ ಸೆರಗು ಬಾಯಿಗಿಟ್ಟುಕೊಂಡರು. ಆಗ ಹೆಣ್ಣುಮಕ್ಕಳ ಸಾಲಿನಲ್ಲಿ ಸುಮನ ಎದ್ದಳು. ಬಾಗಿ ಎರಡೂ ಚಪ್ಪಲಿ ಕಳೆದು ಬದಿಗಿಟ್ಟಳು. ನೆಟ್ಟಗೆ ನಿಂತು, "ಇಷ್ಟs ಇದೀನಿ ನೋಡ್ರಿ" ಅಂದಳು.

ಗೋವಿಂದರಾಯರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಸರೋಜಿನಿಬಾಯಿಯವರು ಮಗನ ಮೊಣಕೈ ತಿವಿತಕ್ಕೆ ಎಚ್ಚೆತ್ತವರ ಹಾಗೆ ಸುತ್ತ ನೋಡಿ, ಎರಡೂ ಕಿವಿಯೊಳಗಿನಿಂದ ಹತ್ತಿ ಹೊರಗೆ ತೆಗೆದರು.

"ಏನಂದ್ರು? ಪೇಟಿ ಬರಂಗಿಲ್ಲ ಅಂದ್ರೇನು?"

"ಹೂಂ ಆಯೀ" ಅಂದ ಮಧುಕರ, ಎತ್ತರದ ಮಾತನ್ನೂ ತಾಯಿಯ ಕಿವಿಯಲ್ಲಿ ಹೇಳಿದ. ಅವನ ಮುಖ ಅರಳಿತ್ತು.

"ಖರೇನ? ಹುಡುಗಿಗೆ?"

"ಇಲ್ಲ ಕಾಕೂ" ಅಂದಳು ಸುಮನ.

"ಮುಂದ ಕಲಿಯೋ ಆಸೆ?"

"ಅದೂ ಇಲ್ಲ."

ಸರೋಜಿನಿಬಾಯಿ ಎದ್ದರು. ಮೂವತ್ತು ವರ್ಷ ಮುಚ್ಚಿದ್ದ ಬಾಯಿ ಅವತ್ತು ತೆರೆಯಿತು. "ಮೂವತ್ತು ವರ್ಷ ಆತ್ರಿ, ನಮ್ಮ ಮನ್ಯಾಗ ಬೆಳಗ್ಗೆ ಕುಕ್ಕರ್ ಸೀಟಿ ಹೊಡದದ್ದು ನನಗ ಕೇಳಿಲ್ಲ! ನೀವೂ ಪೇಟಿಯವರು ಅಂತ ಇವರು ಹೇಳಿದ ದಿನದಿಂದ ನಾನೂ ನನ್ನ ಮಗನೂ ನಿದ್ದಿ ಮಾಡಿಲ್ಲ. ಇವತ್ತು ಬ್ಯಾಡ ಅಂತ ಹೇಳಾಕs ಬಂದಿದ್ವಿ. ಎತ್ತರ ತಗೊಂಡು ಏನು ಮಾಡೂದ್ರಿ? ಮ್ಯಾಲಿನ ಡಬ್ಬಿ ನಾ ಇಳಿಸಿ ಕೊಡತೀನಿ!"

ಸುಮನ ಮಧುಕರನ ಕಡೆ ತಿರುಗಿ ನೇರವಾಗಿ ಕೇಳಿದಳು: "ತುಮ್ಹಾಲಾ ಯೇತೇ ಕಾ?" ನಿಮಗೆ ಬಾರಿಸಲು ಬರುತ್ತದೆಯೇ ಅಂತ.

"ಇಲ್ಲ. ಮನ್ಯಾಗ ಒಬ್ಬರು ಸಾಕು" ಅಂದ ಅವನು. ಅವಳು ನಕ್ಕಳು. ಅಲ್ಲಿಗೆ ಸಂಬಂಧ ಗಟ್ಟಿಯಾಯಿತು. ವಿಶ್ವನಾಥಪ್ಪನವರು ಚಪ್ಪಾಳೆ ತಟ್ಟಿದರು, ಸಭೆಯ ಗಂಡಸರೆಲ್ಲ ಬಂದು ರಾಯರ ಕೈ ಕುಲುಕಿ, ತಮ್ಮ ತಮ್ಮ ಹುಡುಗರಿಗೆ ಆ ಔಷಧ ಯಾವ ಅಂಗಡಿಯಲ್ಲಿ ಸಿಗುತ್ತದೆ ಅಂತ ಕಿವಿಯಲ್ಲಿ ಕೇಳಿದರು. ಸಿಗುವುದಿಲ್ಲ ಅಂದರೆ ಯಾರೂ ನಂಬಲಿಲ್ಲ.

ಉಳಿದದ್ದು ಗೋವಿಂದರಾಯರು. ಮನೆಯವರ ಬಾಯಿಂದ ಮೂವತ್ತು ವರ್ಷದ ಮೇಲೆ ಬಂದ ವಿಮರ್ಶೆ ಕೇಳಿ ಪೆಚ್ಚಾಗಿದ್ದರು. ಆದರೆ ಮುಂದೆ ಪೇಟಿ ಇತ್ತು, ಮೈಕು ಇತ್ತು, ಖುಲ್ತಾಬಾದಿನಿಂದ ಬಂದ ಲಾಲಸಾಬರಿದ್ದರು. "ಕಲಾವಿದರನ್ನ ಬರಿಗೈಲೆ ಕಳಸಬಾರದು" ಅಂತ ತಾವೇ ಪೇಟಿಯ ಮುಂದೆ ಕೂತುಬಿಟ್ಟರು. ಮೊದಲ ಸ್ವರಕ್ಕೆ ಸಭೆಯ ಅರ್ಧ, ಎರಡನೇ ಸ್ವರಕ್ಕೆ ಇನ್ನರ್ಧ ಊಟದ ಕಡೆ ಎದ್ದು ಹೋಯಿತು. ಸರೋಜಿನಿಬಾಯಿ ಸೊಸೆಯಾಗುವವಳ ಕೈ ಹಿಡಿದು ಎಲ್ಲರಿಗಿಂತ ಮುಂದೆ ನಡೆದರು.

ಹೆಣ್ಣಿನ ತಂದೆಗೆ ಎದ್ದು ಹೋಗುವ ಅಧಿಕಾರವಿಲ್ಲ. ಬಿಂದುಮಾಧವರಾಯರು ಖಾಲಿ ಕುರ್ಚಿಗಳ ನಡುವೆ ಒಬ್ಬರೇ ಕೂತು ತಲೆ ತೂಗಿದರು. ನಾನು ಊಟ ಮುಗಿಸಿ ಬಂದು ನೋಡಿದಾಗ ಅವರ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಮಗಳ ಮದುವೆ ನಿಶ್ಚಯವಾದ ಸಂತೋಷ ಅದು, ಬೇರೆ ಯಾರಿಗಾದರೂ ತಿಳಿಯುತ್ತಿತ್ತು. ಗೋವಿಂದರಾಯರು ಪೇಟಿಯ ಮೇಲಿಂದ ತಲೆ ಎತ್ತಿ ಆ ಕಣ್ಣೀರು ನೋಡಿದರು. ಮೂವತ್ತು ವರ್ಷದಲ್ಲಿ ತಮ್ಮ ಪೇಟಿಗೆ ಅತ್ತ ಮೊದಲ ಮನುಷ್ಯ! ಅವರ ಕಣ್ಣೂ ತುಂಬಿ ಬಂತು. "ಬೀಗರ, ನಿಮ್ಮ ಸಲುವಾಗಿ" ಅಂತ ಹೇಳಿ, ಅದೇ ರಾಗವನ್ನು ಮತ್ತೆ ಮೊದಲಿನಿಂದ ಸುರು ಮಾಡಿದರು.